ಸ್ಟ್ರಿಂಗ್ ಆಫ್ ಪರ್ಲ್ಸ್ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸರಿಯಲ್ಲಿ ‘ಪರ್ಲ್ಸ್’ ಅಂದರೆ ಸಾಕು, ತೂಗುಕುಂಡದಿಂದ ಹಸಿರು ಮಣಿಗಳು ಇಳಿಬಿದ್ದ ಗಿಡವನ್ನು ತೋರಿಸುತ್ತಾರೆ. ಕೊಂಡವರಲ್ಲಿ ಬಹಳಷ್ಟು ಮಂದಿಯ ಗಿಡ ಮೊದಲ ಮಳೆಗಾಲ ದಾಟುವುದಿಲ್ಲ. ಆಮೇಲೆ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅವಕ್ಕೆ ಉತ್ತರ ಇಲ್ಲಿದೆ.

ಇದು ಎಲ್ಲಿಯ ಗಿಡ? ಅದನ್ನು ತಿಳಿದು ನಮಗೇನಾಗಬೇಕು?

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಒಣ ಸೀಮೆಯದು. 1968ರಲ್ಲಿ ಸೆನೆಶಿಯೊ ರೌಲಿಯಾನಸ್ ಎಂದು ಹೆಸರಿಟ್ಟರು. ರೌಲಿ ಅಂದರೆ ಸಕ್ಯುಲೆಂಟ್‌ಗಳ (ಎಲೆ, ದಂಟಿನಲ್ಲಿ ನೀರು ತುಂಬಿಟ್ಟುಕೊಳ್ಳುವ ಗಿಡಗಳ) ಅಧ್ಯಯನಕ್ಕೆ ಹೆಸರಾದ ಬ್ರಿಟನ್ನಿನ ಸಸ್ಯವಿಜ್ಞಾನಿ ಗಾರ್ಡನ್ ರೌಲಿ. ಈಗ ಇದನ್ನು ಕ್ಯುರಿಯೊ ಎಂಬ ಕುಲಕ್ಕೆ ಸೇರಿಸಿದ್ದಾರೆ. ಹಳೆಯ ಹೆಸರೂ ಚಾಲ್ತಿಯಲ್ಲಿರುವುದರಿಂದ ಎರಡರಲ್ಲಿ ಯಾವುದು ಕಂಡರೂ ಗಿಡ ಇದೇ.

ನಮಗೆ ಆಗಬೇಕಾದ ಸಂಗತಿ ಬೇರೆ. ತವರಿನಲ್ಲಿ ಈ ಗಿಡ ಎಲ್ಲಿಂದಲೂ ತೂಗಾಡುವುದಿಲ್ಲ. ಕಲ್ಲು, ಕುರುಚಲು ಪೊದೆಗಳ ಮಗ್ಗುಲಲ್ಲಿ ನೆಲಕ್ಕಂಟಿಕೊಂಡು ಹರಿದಾಡುತ್ತದೆ. ದಂಟು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ, ಅಲ್ಲಿಂದ ಮತ್ತೆ ಮುಂದಕ್ಕೆ ಸಾಗುತ್ತದೆ. ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಇರುತ್ತವೆ, ಆಳಕ್ಕಿಳಿಯುವುದಿಲ್ಲ. ತೂಗುಹಾಕಿದ್ದು ನಮ್ಮ ಅಂದಕ್ಕೆ. ಕುಂಡ ಯಾವುದು, ಬೆಳಕು ಎಲ್ಲಿ ಬೀಳಬೇಕು, ನಡುವೆ ಯಾಕೆ ಬೋಳಾಗುತ್ತದೆ, ಈ ಎಲ್ಲಕ್ಕೂ ಉತ್ತರ ಇಷ್ಟರಲ್ಲೇ ಇದೆ.

ಆ ಮಣಿಗಳು ಕಾಯಿಯೋ ಎಲೆಯೋ?

ಎಲೆ. ಬಟಾಣಿ ಕಾಳಿನಷ್ಟು ದಪ್ಪಗೆ ನೀರು ತುಂಬಿಕೊಂಡ ಎಲೆ. ಗುಂಡಗಿದ್ದರೆ ಒಳಗೆ ಹಿಡಿಯುವ ನೀರಿಗೆ ಹೋಲಿಸಿದಾಗ ಹೊರಮೈ ಕಡಿಮೆ, ಆವಿಯಾಗುವುದೂ ಕಡಿಮೆ. ಆದರೆ ಹೊರಮೈ ಕಡಿಮೆಯಾದರೆ ಬೆಳಕು ಹಿಡಿಯುವುದಕ್ಕೂ ಕಷ್ಟವೇ. ಅದಕ್ಕೆ ಗಿಡ ಕಂಡುಕೊಂಡ ಉಪಾಯ ನೋಡಬೇಕಾದ್ದು. ಒಂದು ಮಣಿಯನ್ನು ಕಿಟಕಿಗೆ ಹಿಡಿದು ನೋಡಿ, ತುದಿಯಲ್ಲಿ ಸಣ್ಣ ಮೊನೆ, ಅಲ್ಲಿಂದ ಒಂದು ಬದಿಗೆ ಸೀಳಿದಂತೆ ತೆಳುವಾದ ಗೆರೆ ಕಾಣುತ್ತದೆ. ಆ ಗೆರೆಯಲ್ಲಿ ಹಸಿರು ಕಮ್ಮಿ, ಹೆಚ್ಚುಕಡಿಮೆ ಪಾರದರ್ಶಕ. ಬೆಳಕು ಅಲ್ಲಿಂದ ಒಳಹೊಕ್ಕು ಮಣಿಯ ಒಳಗೋಡೆಗೂ ಮುಟ್ಟುತ್ತದೆ. ಬಾಯಾರಿದಾಗ ಈ ಗೆರೆ ಕಿರಿದಾಗುತ್ತದೆ. ನೀರಿನ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ, ನೆನಪಿಟ್ಟಿರಿ.

ಕೊಳ್ಳುವಾಗ ಏನು ನೋಡಬೇಕು?

ಇಳಿಬಿದ್ದ ಎಳೆಗಳನ್ನು ನೋಡಿ ಮರುಳಾಗಬೇಡಿ. ಕುಂಡವನ್ನು ಇಳಿಸಿಕೊಂಡು ಮೇಲಿನಿಂದ ನೋಡಿ. ಮಣ್ಣು ಕಾಣದಷ್ಟು ಮಣಿ ತುಂಬಿದ್ದರೆ ತನ್ನಿ. ಅಂಚಿನಿಂದ ಉದ್ದುದ್ದ ಇಳಿದು ನಡುವೆ ಬರೀ ಮಣ್ಣಿದ್ದರೆ, ಅಥವಾ ಬುಡದ ದಂಟು ಕಂದಾಗಿದ್ದರೆ ಬಿಟ್ಟುಬಿಡಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಸಮಯದ ಮಳಿಗೆಗಳಲ್ಲಿ ನೂಕುನುಗ್ಗಲಿನ ನಡುವೆ ಕೊಳ್ಳುವವರಿಗೆ ಇದನ್ನು ಇನ್ನಷ್ಟು ಒತ್ತಿ ಹೇಳುತ್ತೇನೆ. ಅಲ್ಲಿ ಎಲ್ಲ ಗಿಡವೂ ಆಗತಾನೇ ನೀರು ಕುಡಿದು ನಳನಳಿಸುತ್ತಿರುತ್ತದೆ. ಉದ್ದ ಎಳೆಯ ದೊಡ್ಡ ಕುಂಡಕ್ಕಿಂತ ಚಿಕ್ಕದಾಗಿ ಒತ್ತಾಗಿ ಬೆಳೆದದ್ದೇ ಮೇಲು, ಅಗ್ಗವೂ ಹೌದು.

ಆನ್‌ಲೈನಿನಲ್ಲಿ ನೀಲಿ, ಗುಲಾಬಿ ಬಣ್ಣದ ಪರ್ಲ್ಸ್ ಬೀಜ ಸಿಗುತ್ತದಲ್ಲ?

ನೀಲಿ ಪರ್ಲ್ಸ್ ಎಂಬುದಿಲ್ಲ. ಚಿತ್ರಕ್ಕೆ ಬಣ್ಣ ಬಳಿದಿರುತ್ತಾರೆ. ಬಿಳಿ ಪಟ್ಟೆಯ ವೇರಿಗೇಟೆಡ್ ತಳಿ ನಿಜವಾಗಿಯೂ ಇದೆ, ಅದನ್ನು ಎಳೆ ನೆಟ್ಟು ಬೆಳೆಸುತ್ತಾರೆ, ಬೀಜದಿಂದಲ್ಲ.

ಮನೆಗೆ ತಂದ ಕೂಡಲೇ ಕುಂಡ ಬದಲಿಸಬೇಕೇ?

ಒಂದು ವಾರ ಇದ್ದಲ್ಲೇ ಇರಲಿ, ಹೊಸ ಜಾಗಕ್ಕೆ ಒಗ್ಗಲಿ. ಆಮೇಲೆ ಬದಲಿಸಿ, ಯಾಕೆಂದರೆ ನರ್ಸರಿಯವರು ಬಹುಪಾಲು ಕೋಕೋಪೀಟ್‌ನಲ್ಲೇ, ಅಂದರೆ ತೆಂಗಿನ ನಾರಿನ ಪುಡಿಯಲ್ಲೇ ಬೆಳೆಸಿರುತ್ತಾರೆ. ಹಗುರ, ಸಾಗಿಸುವುದು ಸುಲಭ, ಅವರ ನೆರಳುಪರದೆಯ ಗಾಳಿಬೆಳಕಿಗೆ ನಡೆಯುತ್ತದೆ. ನಮ್ಮ ಮನೆಯ ಬಾಲ್ಕನಿಯಲ್ಲಿ ಅದೇ ಕೋಕೋಪೀಟ್ ಮೇಲೆ ಒಣಗಿದಂತೆ ಕಂಡು ಒಳಗೆ ದಿನಗಟ್ಟಲೆ ತೇವ ಹಿಡಿದಿರುತ್ತದೆ. ಪೂರ್ತಿ ಒಣಗಿಸಿಬಿಟ್ಟರೋ, ಮತ್ತೆ ನೀರು ಹೀರುವುದಿಲ್ಲ, ಸುರಿದದ್ದೆಲ್ಲ ಬದಿಯಿಂದ ಜಾರಿ ಕೆಳಗೆ ಬಂದುಬಿಡುತ್ತದೆ.

ಬೇರಿನ ಉಂಡೆಯನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಮೆಲ್ಲಗೆ ಉದುರಿಸಿ. ಒಂದೊಂದು ಬೇರಿನಿಂದಲೂ ನಾರು ಕೀಳುತ್ತ ಕೂರಬೇಡಿ, ಬೇರು ದಾರದಷ್ಟು ಸಣ್ಣ, ಕಿತ್ತೇ ಬರುತ್ತದೆ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮಣಿ ಉದುರದಂತೆ, ಮೊದಲೇ ಅವನ್ನೆಲ್ಲ ಒಂದು ತೆಳು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟುಕೊಂಡರೆ ಕೆಲಸ ಹಗುರ.

ಎಂಥ ಕುಂಡ?

ಮಣ್ಣಿನದು, ಆಳವಿಲ್ಲದ್ದು, ತಳದಲ್ಲಿ ತೂತಿರುವುದು. ನಾಲ್ಕು ಇಂಚು ಆಳ ಧಾರಾಳ. ಮಣ್ಣಿನ ಕುಂಡದ ಗೋಡೆಯಿಂದಲೂ ತೇವ ಹೊರಹೋಗುತ್ತದೆ. ತೂಕ ಜಾಸ್ತಿ ಎಂಬ ಕಾರಣಕ್ಕೆ ಪ್ಲಾಸ್ಟಿಕ್ ತೂಗುಕುಂಡವೇ ಬೇಕಾದರೆ, ನೀರು ಹಾಕುವ ಅಂತರ ಹೆಚ್ಚಿಸಿ. ತೂತಿಲ್ಲದ ಪಿಂಗಾಣಿ ಕುಂಡದ ಬಗ್ಗೆ ಹೇಳುವುದೇ ಬೇಡ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎನ್ನುತ್ತಾರೆ. ತೂತೇ ಇಲ್ಲದಿದ್ದರೆ ಬಸಿದು ಹೋಗುವುದು ಎಲ್ಲಿಗೆ?

ಮಣ್ಣನ್ನು ಕುಂಡದ ಅಂಚಿಗೆ ಸಮವಾಗಿ ತುಂಬಿ, ಅರ್ಧ ಇಂಚು ಬಿಟ್ಟರೆ ಸಾಕು. ಮಣ್ಣಿನ ಮಟ್ಟ ಎರಡು ಇಂಚು ಕೆಳಗಿದ್ದರೆ ಗಿಡದ ನೆತ್ತಿ ಗುಂಡಿಯಲ್ಲಿ ಕೂತಂತಾಗಿ ಗಾಳಿಯೂ ಬೆಳಕೂ ಮುಟ್ಟುವುದಿಲ್ಲ.

ಮಣ್ಣಿಗೆ ಏನೇನು ಸೇರಿಸಲಿ?

ಅರ್ಧಕ್ಕರ್ಧ ಗರಸು ಇರಲಿ ಎಂಬುದೊಂದೇ ಸೂತ್ರ. ಪರ್ಲೈಟ್ ಅಥವಾ ಪ್ಯೂಮಿಸ್ ಎಂಬ ಹಗುರ ಕಲ್ಲಿನ ಚೂರು ಸಿಕ್ಕಿದರೆ ಸರಿ, ಸಿಗದಿದ್ದರೆ ಇಟ್ಟಿಗೆ ಅಥವಾ ಹೆಂಚಿನ ಚೂರು ಕುಟ್ಟಿ, ಪುಡಿಯನ್ನು ಜರಡಿ ಹಿಡಿದು ತೆಗೆದು, ಜೋಳದ ಕಾಳಿನ ಗಾತ್ರದ್ದನ್ನು ಬಳಸಿ. ಮಿಕ್ಕರ್ಧದಲ್ಲಿ ಕೆಮ್ಮಣ್ಣು, ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ, ಒಂದು ಹಿಡಿ ಇದ್ದಿಲ ಚೂರು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್‌ನಲ್ಲಿ ನುಣುಪು ಪುಡಿ ಬಹಳ, ಮಣ್ಣಿನ ಜೊತೆ ಸೇರಿ ಗಟ್ಟಿ ಕಟ್ಟುತ್ತದೆ, ತೊಳೆದು ಜರಡಿ ಹಿಡಿಯದೆ ಹಾಕಬೇಡಿ. ಬಯಲುಸೀಮೆಯ ಉತ್ತರಭಾಗದವರು ಹೊಲದ ಎರೆಮಣ್ಣನ್ನು ಈ ಗಿಡದ ಹತ್ತಿರವೂ ತರಬೇಡಿ. ಹತ್ತಿ, ಜೋಳಕ್ಕೆ ಬೇಕಾದ ಅದರ ನೀರು ಹಿಡಿಯುವ ಗುಣವೇ ಇಲ್ಲಿ ಶತ್ರು.

ಹದ ಸರಿಯಿದೆಯೇ ನೋಡಲು ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ. ಕೈ ಬಿಚ್ಚಿದಾಗ ಉಂಡೆ ತಾನಾಗಿ ಒಡೆದು ಉದುರಬೇಕು.

ಎಷ್ಟು ದಿನಕ್ಕೊಮ್ಮೆ ನೀರು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ದಿನದ ಲೆಕ್ಕ ಕೊಟ್ಟರೆ ನಿಮಗೆ ಅನುಕೂಲ, ಗಿಡಕ್ಕೆ ಆಪತ್ತು. ಅದೇ ಗಿಡ ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ವಾರಕ್ಕೆ ಒಣಗುತ್ತದೆ, ಜುಲೈನಲ್ಲಿ ಮೂರು ವಾರವಾದರೂ ಒಣಗುವುದಿಲ್ಲ.

ದಿನದ ಬದಲು ಮೂರು ಗುರುತು ನೋಡಿ. ಒಂದು, ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಎರಡು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಗೆ ಮಣ್ಣು ಮೆತ್ತಿದ್ದರೆ, ತುದಿ ಕಪ್ಪಗೆ ತೇವವಾಗಿದ್ದರೆ ಇನ್ನೂ ಬೇಡ. ಎರಡು, ಕುಂಡ ಎತ್ತಿ ನೋಡಿ. ನೀರು ಹಾಕಿದ ದಿನದ ಭಾರವೂ ಒಣಗಿದ ದಿನದ ಭಾರವೂ ಕೈಗೆ ಬೇಗ ರೂಢಿಯಾಗುತ್ತದೆ. ಮೂರು, ಮಣಿಯನ್ನೇ ಕೇಳಿ. ನೀರುಂಡ ಮಣಿ ಹಿಚುಕಿದರೆ ಗಟ್ಟಿ. ಬಾಯಾರಿದ್ದು ಸ್ವಲ್ಪ ಒಳಕ್ಕೆ ಹೋಗುತ್ತದೆ, ಮೊದಲು ಹೇಳಿದ ಆ ಗೆರೆ ಮುಚ್ಚಿಕೊಂಡಂತೆ ಕಾಣುತ್ತದೆ. ಮೂರೂ ಹೌದೆಂದರೆ ನೀರು ಹಾಕಿ. ಒಂದರಲ್ಲಿ ಅನುಮಾನವಿದ್ದರೂ ಎರಡು ದಿನ ತಡೆಯಿರಿ. ತಡವಾಗಿ ನೀರು ಹಾಕಿದ್ದಕ್ಕೆ ಮಣಿ ಬಾಡುತ್ತದೆ, ಮರುದಿನ ಸರಿಹೋಗುತ್ತದೆ. ಬೇಗ ಹಾಕಿದ್ದಕ್ಕೆ ಬೇರೇ ಕೊಳೆತು ಹೋಗುತ್ತದೆ.

ಹಾಕುವಾಗ ಮಾತ್ರ ಜಿಪುಣತನ ಬೇಡ. ತಳದ ತೂತಿನಿಂದ ನೀರು ಬರುವವರೆಗೆ ಹಾಕಿ, ಬಸಿದದ್ದನ್ನು ಚೆಲ್ಲಿ. ದಿನಕ್ಕೊಂದು ಚಮಚದಂತೆ ಹಾಕುವ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು. ಮೇಲ್ಮಣ್ಣು ಸದಾ ತೇವ, ಗಿಡದ ಬೇರೂ ಅಲ್ಲೇ.

ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸುವುದು ಒಳ್ಳೆಯದೇ?

ಒತ್ತಾಗಿ ಬೆಳೆದ ಕುಂಡಕ್ಕೆ ಒಳ್ಳೆಯದು, ಮಣಿಗಳ ನಡುವೆ ನೀರು ನಿಲ್ಲುವುದಿಲ್ಲ. ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ. ಬೋರ್‌ವೆಲ್ಲಿನ ಗಡಸು ನೀರಾದರೆ ಮೇಲ್ಮಣ್ಣಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಆಗೊಮ್ಮೆ ಈಗೊಮ್ಮೆ ಮೇಲಿನಿಂದಲೂ ಸುರಿದು ತೊಳೆದುಬಿಡಿ. ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಚೆನ್ನ.

ದಿನಾ ಸ್ಪ್ರೇ ಮಾಡಬಹುದೇ?

ಬೇಡ. ಒಣಹವೆಯ ಗಿಡಕ್ಕೆ ಮೈಮೇಲಿನ ತೇವದಿಂದ ಯಾವ ಉಪಯೋಗವೂ ಇಲ್ಲ.

ಎಷ್ಟು ಬಿಸಿಲು? ನಮ್ಮದು ಫ್ಲಾಟು, ಒಂದೇ ಬಾಲ್ಕನಿ.

ಬೆಳಗಿನ ಎರಡು ಮೂರು ಗಂಟೆ ಎಳೆಬಿಸಿಲು, ಉಳಿದ ಹೊತ್ತು ಒಳ್ಳೆ ಬೆಳಕು. ಪೂರ್ವದ ಬಾಲ್ಕನಿ ಸಿಕ್ಕಿದರೆ ಬೇರೆ ಯೋಚನೆಯೇ ಬೇಡ. ಪಶ್ಚಿಮವಾದರೆ ಮಧ್ಯಾಹ್ನದ ಬಿಸಿಲಿಗೆ ತೆಳು ಪರದೆಯನ್ನೋ ಹಸಿರು ನೆಟ್ಟನ್ನೋ ಕಟ್ಟಿ. ಉತ್ತರದ ಕಿಟಕಿಯಲ್ಲಿ ಬದುಕುತ್ತದೆ, ಆದರೆ ಮಣಿಗಳ ನಡುವಿನ ದಂಟು ಉದ್ದವಾಗಿ ಎಳೆ ತೆಳ್ಳಗಾಗುತ್ತದೆ.

ದಿಕ್ಕಿಗಿಂತ ಮುಖ್ಯವಾದದ್ದನ್ನು ಬಹುತೇಕರು ಗಮನಿಸುವುದಿಲ್ಲ: ಬೆಳಕು ಬೀಳಬೇಕಾದ್ದು ಕುಂಡದ ನೆತ್ತಿಗೆ, ಎಳೆಗಳಿಗಲ್ಲ. ಫ್ಲಾಟಿನ ಬಾಲ್ಕನಿಯಲ್ಲಿ ಸೂರಿಗೆ ಕೊಕ್ಕೆ ಹಾಕಿ, ತಲೆಗೆ ತಾಗದಿರಲಿ ಎಂದು ಎತ್ತರಕ್ಕೆ ತೂಗುಬಿಡುತ್ತೇವೆ. ಕುಂಡದ ಬಾಯಿ ಸೂರಿನಿಂದ ಒಂದಡಿ ಕೆಳಗೆ, ಕತ್ತಲಲ್ಲಿ. ಬಿಸಿಲು ಓರೆಯಾಗಿ ಬಂದು ಬೀಳುವುದು ಇಳಿಬಿದ್ದ ತುದಿಗಳ ಮೇಲೆ. ತುದಿ ಬೆಳೆಯುತ್ತಲೇ ಇರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಮೇಲೆ ಮಾತ್ರ ಒಂದೊಂದೇ ಮಣಿ ಹಳದಿಯಾಗಿ ಉದುರುತ್ತಿರುತ್ತದೆ. ಬಗ್ಗಿ ನೋಡಲು ಸ್ಟೂಲು ಬೇಕಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಿಟಕಿಯ ಗ್ರಿಲ್ಲಿಗೋ, ಎದೆಮಟ್ಟದ ಸ್ಟ್ಯಾಂಡಿಗೋ ಇಳಿಸಿ. ಕುಂಡದ ಬಾಯಿ ನಿಮ್ಮ ಕಣ್ಣಿಗೆ ಕಾಣುವಂತಿದ್ದರೆ ಬಹುಮಟ್ಟಿಗೆ ಬೆಳಕಿಗೂ ಕಾಣುತ್ತದೆ.

ನಡುವೆ ಬೋಳಾಗಿ ಅಂಚಲ್ಲಷ್ಟೇ ಉಳಿದಿದೆ. ತುಂಬಿಸುವುದು ಹೇಗೆ?

ನೆಲದ ಮೇಲೆ ಹರಿದು ಬೇರು ಬಿಡುವ ಗಿಡದ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಉದ್ದವಾದ ಎರಡು ಮೂರು ಎಳೆಗಳನ್ನು ಕತ್ತರಿಸದೆ ಹಾಗೇ ಮೇಲೆತ್ತಿ, ಬೋಳಾದ ಮಣ್ಣಿನ ಮೇಲೆ ಸುರುಳಿ ಸುತ್ತಿ ಮಲಗಿಸಿ. ಹೇರ್‌ಪಿನ್ನನ್ನೋ ಯು ಆಕಾರಕ್ಕೆ ಬಗ್ಗಿಸಿದ ತಂತಿಯನ್ನೋ ಚುಚ್ಚಿ ದಂಟು ಮಣ್ಣಿಗೆ ತಾಗಿರುವಂತೆ ಮಾಡಿ. ಕೆಲವು ವಾರಗಳಲ್ಲಿ ಗೆಣ್ಣುಗಳಿಂದ ಬಿಳಿ ಬೇರು ಇಳಿಯುತ್ತದೆ, ಆಮೇಲೆ ಪಕ್ಕದಿಂದ ಹೊಸ ಕುಡಿ. ತಾಯಿಗಿಡದ ಆಸರೆ ತಪ್ಪದ್ದರಿಂದ ಎಳೆ ಸಾಯುವ ಭಯವೂ ಕಮ್ಮಿ. ವರ್ಷಕ್ಕೊಮ್ಮೆ ಹೀಗೆ ಮಾಡುವವರ ಗಿಡ ಹಳತಾಗುವುದೇ ಇಲ್ಲ.

ಮಣಿ ಸುಕ್ಕಾಗಿದೆ. ನೀರು ಜಾಸ್ತಿಯಾಯಿತೋ ಕಮ್ಮಿಯಾಯಿತೋ?

ಎರಡರಲ್ಲೂ ಸುಕ್ಕಾಗುತ್ತದೆ, ಗೊಂದಲ ಅದಕ್ಕೇ. ಬೇರು ಕೊಳೆತರೆ ಮಣ್ಣಲ್ಲಿ ನೀರಿದ್ದೂ ಗಿಡಕ್ಕೆ ಸಿಗುವುದಿಲ್ಲ, ಹಾಗಾಗಿ ಬಾಯಾರಿದಂತೆಯೇ ಕಾಣುತ್ತದೆ. ಅದನ್ನು ಕಂಡು ಇನ್ನೊಂದು ಲೋಟ ನೀರು ಹಾಕುತ್ತೇವೆ, ಅಲ್ಲಿಗೆ ಮುಗಿಯಿತು.

ಮೊದಲು ಮಣ್ಣು ಮುಟ್ಟಿ. ಒಣಗಿ ಕುಂಡ ಹಗುರವಾಗಿದ್ದು, ಎಲ್ಲ ಮಣಿಗಳೂ ಒಂದೇ ಸಮ ಚಪ್ಪಟೆಯಾಗಿ ಹಸಿರು ಹಾಗೇ ಇದ್ದರೆ ಬಾಯಾರಿಕೆ. ಮಣ್ಣು ಒದ್ದೆಯಿದ್ದು ಕೆಲವು ಮಣಿ ಹಳದಿ, ನೀರು ತುಂಬಿ ಗಾಜಿನಂತಾಗಿ, ಮುಟ್ಟಿದರೆ ಸಿಡಿದು ರಸ ಬರುವಂತಿದ್ದರೆ, ಬುಡದ ದಂಟು ಮೆತ್ತಗಾಗಿದ್ದರೆ ಕೊಳೆ. ನೀರು ಕೊಟ್ಟು ಮೂರ್ನಾಲ್ಕು ದಿನವಾದರೂ ಮಣಿ ತುಂಬಿಕೊಳ್ಳದಿದ್ದರೆ ಅದೂ ಕೊಳೆಯೇ. ಗಿಡ ಎತ್ತಿ ಬೇರು ನೋಡಿ.

ಕೊಳೆತ ಗಿಡ ಉಳಿಯುತ್ತದೆಯೇ?

ಬುಡ ಉಳಿಯುವುದಿಲ್ಲ, ತುದಿ ಉಳಿಯುತ್ತದೆ. ಕೊಳೆ ಬುಡದಿಂದ ತುದಿಯ ಕಡೆಗೆ ಹತ್ತುತ್ತಿರುತ್ತದೆ, ಆದ್ದರಿಂದ ಗಟ್ಟಿ ಮಣಿಗಳಿರುವ ಭಾಗವನ್ನು ಕತ್ತರಿಸಿಕೊಂಡು, ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ ಕಾಣದಾಗುವವರೆಗೂ ತುದಿಯ ಕಡೆಗೆ ಕತ್ತರಿಸುತ್ತ ಹೋಗಿ. ಉಳಿದದ್ದಕ್ಕೆ ದಾಲ್ಚಿನ್ನಿ ಪುಡಿ, ಅರಿಶಿನ ಎಂದೆಲ್ಲ ಚಿಕಿತ್ಸೆ ಮಾಡುತ್ತ ಕೂರುವುದಕ್ಕಿಂತ ಹಳೇ ಮಣ್ಣಿನ ಸಮೇತ ಎಸೆದು, ಕುಂಡ ತೊಳೆದು ಬಿಸಿಲಿಗಿಡಿ.

ಎಳೆಯಿಂದ ಹೊಸ ಗಿಡ ಮಾಡುವ ಕ್ರಮ?

ನಾಲ್ಕೈದು ಇಂಚಿನ ತುಂಡು, ಕೆಳತುದಿಯ ಒಂದೆರಡು ಮಣಿ ತೆಗೆದು, ಒಂದೆರಡು ದಿನ ನೆರಳಲ್ಲಿ ಒಣಗಿಸಿ ಗಾಯ ಆರಲು ಬಿಡಿ. ನಂತರ ಸ್ವಲ್ಪ ತೇವದ ಮಿಶ್ರಣದ ಮೇಲೆ ಉದ್ದಕ್ಕೆ ಮಲಗಿಸಿ, ನೆಟ್ಟಗೆ ಚುಚ್ಚುವ ಅಗತ್ಯವಿಲ್ಲ. ಬೇರು ಹಿಡಿಯುವವರೆಗೆ ಮಾತ್ರ ಮಣ್ಣು ಪೂರ್ತಿ ಒಣಗದಿರಲಿ. ಮೆಲ್ಲಗೆ ಎಳೆದಾಗ ಬಿಗಿ ಅನಿಸಿದರೆ ಬೇರು ಬಂತು ಎಂದರ್ಥ. ಫೆಬ್ರವರಿ–ಮಾರ್ಚ್, ಮಳೆ ಬಿಟ್ಟ ಮೇಲಿನ ಅಕ್ಟೋಬರ್ ಇದಕ್ಕೆ ಒಳ್ಳೆ ಕಾಲ. ಬಿಡಿ ಮಣಿ ನೆಟ್ಟರೆ ಬೇರು ಬಿಟ್ಟರೂ ಕುಡಿಯೊಡೆಯುವುದು ಅಪರೂಪ, ದಂಟಿನ ಚೂರು ಅಂಟಿಕೊಂಡಿರಲೇಬೇಕು.

ಮಂಗಳೂರು, ಶಿವಮೊಗ್ಗ ಕಡೆಯವರು ಮಳೆಗಾಲದಲ್ಲಿ ಏನು ಮಾಡಬೇಕು?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಜೂನ್ ಮೊದಲ ವಾರದೊಳಗೆ ಗಿಡ ಸೂರಿನಡಿ ಬರಬೇಕು. ಅಂಗಳದ ಚಪ್ಪರ ಸಾಲದು, ಜಡಿಮಳೆಯ ಇರಚಲು ಅಲ್ಲಿಗೂ ಬರುತ್ತದೆ. ಒಳಗಿನ ಕಿಟಕಿಯ ಹತ್ತಿರ, ಗಾಳಿಯಾಡುವಲ್ಲಿ ಇಡಿ. ಗಾಳಿಯ ಮುಖ್ಯತ್ವ ಬೆಳಕಿಗಿಂತ ಕಮ್ಮಿಯಲ್ಲ, ದಿನಕ್ಕೆ ಎರಡು ಗಂಟೆ ಫ್ಯಾನ್ ಹಾಕಿದರೂ ನಡೆಯುತ್ತದೆ. ನೀರು ತಿಂಗಳಿಗೊಮ್ಮೆ, ಅದೂ ಮಣಿ ಮೆತ್ತಗಾದರೆ. ಮೇ ತಿಂಗಳಲ್ಲೇ ನಾಲ್ಕು ತುಂಡು ಬೇರೆ ಕುಂಡದಲ್ಲಿ ಮಾಡಿಟ್ಟುಕೊಳ್ಳಿ. ಕರಾವಳಿಯಲ್ಲಿ ಇದು ಸುಲಭದ ಗಿಡ ಎಂದು ನಾನಂತೂ ಹೇಳಲಾರೆ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ?

ಬಿಸಿಲು 40 ಡಿಗ್ರಿ ದಾಟಿದಾಗ ಗಿಡ ಬೆಳವಣಿಗೆ ನಿಲ್ಲಿಸುತ್ತದೆ. ಆಗ ಬಾಡಿದೆಯೆಂದು ದಿನಾ ನೀರು ಹಾಕಿದರೆ ಬಿಸಿಮಣ್ಣಿನ ತೇವದಲ್ಲಿ ಬೇರು ಬೇಯುತ್ತದೆ. ಪೂರ್ತಿ ನೆರಳಿನ ತಂಪು ಜಾಗಕ್ಕೆ ತನ್ನಿ, ಸಂಜೆ ಇಳಿದ ಮೇಲೆ ನೀರು ಹಾಕಿ. ಏರ್ ಕೂಲರಿನ ನೇರ ಗಾಳಿಗೆ ಇಡಬೇಡಿ, ಅದು ಬರೀ ತೇವ. ಇದಕ್ಕೆ ಹೋಲಿಸಿದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನವರು ಪುಣ್ಯವಂತರು, ಮಳೆ ತಪ್ಪಿಸಿದರೆ ವರ್ಷವಿಡೀ ಹೊರಗೇ ಇರುತ್ತದೆ.

ದಂಟಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಬಂದಿದೆ.

ಹಿಟ್ಟು ತಿಗಣೆ. ರಸ ಹೀರುತ್ತದೆ, ಜಿಗುಟು ಬಿಡುತ್ತದೆ, ಆ ಜಿಗುಟಿಗೆ ಇರುವೆ ಬರುತ್ತದೆ. ಇರುವೆ ಸಾಲು ಕಂಡರೆ ಮೊದಲು ತಿಗಣೆ ಹುಡುಕಿ. ಕಿವಿಗೆ ಬಳಸುವ ಬಡ್ಸನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ. ತೀರಾ ಹಬ್ಬಿದ ಎಳೆ ಕತ್ತರಿಸಿ ಚೀಲಕ್ಕೆ ಹಾಕಿ ಎಸೆಯಿರಿ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಂಜೆ ಸಿಂಪಡಿಸಬಹುದು. ಬಿಸಿಲಲ್ಲಿ ಸಿಂಪಡಿಸಿದರೆ ಮಣಿ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಬೇಕು, ಮೊಟ್ಟೆ ಒಮ್ಮೆಲೇ ಸಾಯುವುದಿಲ್ಲ. ಬೇರಿಗೂ ಇವು ಹತ್ತುವುದುಂಟು, ಯಾವ ಕಾರಣವೂ ಕಾಣದೆ ಗಿಡ ಸೊರಗಿದರೆ ಕುಂಡದಿಂದ ತೆಗೆದು ನೋಡಿ.

ಗೊಬ್ಬರ?

ಮಿಶ್ರಣದಲ್ಲಿನ ಎರೆಹುಳು ಗೊಬ್ಬರವೇ ಒಂದು ವರ್ಷಕ್ಕೆ ಸಾಕು. ಸಾಸಿವೆ ಹಿಂಡಿ ನೀರು, ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆ ನೀರು ಇವೆಲ್ಲ ನೊಣಕ್ಕೆ ಹಬ್ಬ.

ಹೂ ಬಿಡುತ್ತದೆಯೇ?

ಬಿಡುತ್ತದೆ, ಗಿಡ ಬಲಿತು ಬೆಳಕು ಚೆನ್ನಾಗಿದ್ದರೆ. ಸಣ್ಣ ಬಿಳಿ ಕುಂಚ, ಎಸಳಿಲ್ಲ, ನಡುವೆ ಹಳದಿ ಛಾಯೆಯ ಕೇಸರಗಳು. ಹತ್ತಿರ ಹೋಗಿ ಮೂಸಿದರೆ ದಾಲ್ಚಿನ್ನಿಯ ವಾಸನೆ. ಗಿಡ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು ಎಂಬುದು ಈ ಹೂ ನೋಡಿದಾಗಲೇ ನಂಬಿಕೆಯಾಗುವುದು. ನೋಟಕ್ಕೆ ಅಂಥ ವಿಶೇಷವಿಲ್ಲ.

ಮನೆಯಲ್ಲಿ ಮಗು, ಬೆಕ್ಕು ಇದೆ. ವಿಷವೇ?

ತಿಂದರೆ ವಿಷವೇ, ಮನುಷ್ಯರಿಗೂ ಸಾಕುಪ್ರಾಣಿಗಳಿಗೂ. ವಾಂತಿ, ಭೇದಿ ಆಗಬಹುದು. ರಸ ತಾಗಿದರೆ ಕೆಲವರ ಚರ್ಮ ಕೆರೆಯುತ್ತದೆ. ಮಣಿ ನೋಡಲು ತಿನ್ನುವ ವಸ್ತುವಿನಂತೇ ಇದ್ದು, ಬೆಕ್ಕಿಗೆ ತೂಗಾಡುವ ಎಳೆ ಕಂಡರೆ ಸುಮ್ಮನಿರಲಾಗದು. ಅಂಬೆಗಾಲಿಡುವ ಮಗು ಇರುವ ಮನೆಗೆ ಈಗಲೇ ಬೇಡ, ಎರಡು ಮೂರು ವರ್ಷ ಬಿಟ್ಟು ತನ್ನಿ. ತಿಂದದ್ದು ಗೊತ್ತಾದರೆ ಗಿಡದ ತುಂಡನ್ನೂ ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಇದೇ ಕ್ರಮ ಬೇರೆ ಇಳಿಬೀಳುವ ಗಿಡಗಳಿಗೂ ನಡೆಯುತ್ತದೆಯೇ?

ಸ್ಟ್ರಿಂಗ್ ಆಫ್ ಬನಾನಾಸ್ ಇದರ ದಾಯಾದಿ, ಇದಕ್ಕಿಂತ ಗಟ್ಟಿಗ. ಮೊದಲ ಸಲ ಬೆಳೆಸುವವರಿಗೆ ನಾನು ಅದನ್ನೇ ಹೇಳುವುದು. ಮೆಕ್ಸಿಕೋ ಮೂಲದ ಬರೋಸ್ ಟೇಲ್‌ಗೆ ನೀರಿನ ಲೆಕ್ಕ ಇದೇ, ಆದರೆ ಕೈ ತಾಗಿದರೆ ಎಲೆ ಉದುರುತ್ತದೆ. ಉದುರಿದ ಒಂದೊಂದು ಎಲೆಯೂ ಹೊಸ ಗಿಡವಾಗಬಲ್ಲದು. ಸ್ಟ್ರಿಂಗ್ ಆಫ್ ಹಾರ್ಟ್ಸ್ ಬೇರೆಯೇ ಕುಟುಂಬದ್ದು, ದಂಟಿನ ಉದ್ದಕ್ಕೂ ಗೆಡ್ಡೆ ಕಟ್ಟುತ್ತದೆ, ತಾಳಿಕೆ ಜಾಸ್ತಿ. ಸ್ಟ್ರಿಂಗ್ ಆಫ್ ಟರ್ಟಲ್ಸ್ ಮಾತ್ರ ಪೆಪೆರೋಮಿಯಾ ಎಂಬ ಕುಲದ್ದು, ಕಾಡಿನ ತೇವದ ಗಿಡ. ಅದಕ್ಕೆ ಇಲ್ಲಿ ಹೇಳಿದ್ದನ್ನು ಪಾಲಿಸಿದರೆ ಒಣಗಿಯೇ ಹೋಗುತ್ತದೆ.

ಹದಿನೈದು ದಿನ ಊರಿಗೆ ಹೋಗುತ್ತಿದ್ದೇವೆ. ಯಾರಿಗೆ ಹೇಳಿ ಹೋಗಲಿ?

ಯಾರಿಗೂ ಬೇಡ. ಹೊರಡುವ ಎರಡು ದಿನ ಮುಂಚೆ, ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ, ಪೂರ್ತಿ ಬಸಿದ ಮೇಲೆ ನೇರ ಬಿಸಿಲು ಬೀಳದ ಬೆಳಕಿನ ಕಿಟಕಿಗೆ ಸರಿಸಿ, ಕಿಟಕಿಯ ಒಂದು ಬಾಗಿಲು ಓರೆ ಮಾಡಿ ಹೊರಡಿ. ಪಕ್ಕದ ಮನೆಯವರಿಗೆ ತುಳಸಿಗೆ ನೀರು ಹಾಕಲು ಕೀಲಿ ಕೊಟ್ಟಿದ್ದರೆ, ಈ ಕುಂಡಕ್ಕೆ ಹಾಕಬೇಡಿ ಎಂದು ಚೀಟಿ ಅಂಟಿಸಿ ಹೋಗುವುದು ಒಳ್ಳೆಯದು.